ಮಲಪನಗುಡಿಯಲ್ಲಿ ಬಲಪ್ರಯೋಗ

ಹಾಲೇಶ್ ಬಸ್ಸಿನಿಂದ ಇಳಿಯಬಾರದಿತ್ತು. ಉಳಿದ ಪ್ರಯಾಣಿಕರಂತೆ ತೆಪ್ಪಗೆ ಕುಳಿತಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ.

ಹನ್ನೊಂದಕ್ಕೆ ಹೊಸಪೇಟೆಯ ಪಾಲಿಟೆಕ್ನಿಕ್ಕೊಂದರಲ್ಲಿ ಅವನ ಸಂದರ್ಶನ. ಆರು ವರ್ಷ ಕಂಪ್ಲಿಯಲ್ಲಿ ಅತಿಥಿ ಉಪನ್ಯಾಸಕನಾಗಿ ಸವೆದವನಿಗೆ ಕಾಯಂ ಕೆಲಸದ ಕೊನೆಯ ಅವಕಾಶ. ಮುಂದಿನ ತಿಂಗಳು ವಯಸ್ಸು ಮೀರುತ್ತದೆ. ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ವಿಷಯ, ಬಲಗಳನ್ನು, ಅಂದರೆ ಫೋರ್ಸ್‌ಗಳನ್ನು, ಉದ್ದ-ಅಡ್ಡ ಅಕ್ಷಗಳ ಮೇಲೆ ವಿಭಜಿಸುವುದು.

ಮಲಪನಗುಡಿ ಹತ್ತಿರ ಬಸ್ಸು ನಿಂತಿತು. ಲಾರಿಗೆ ದಾರಿ ಬಿಡಲು ಹೋದ ಕಾರೊಂದು ಹಿಂದಿನ ಗಾಲಿಗಳನ್ನು ಗದ್ದೆಯ ಕೆಸರಲ್ಲಿ ಹೂತು, ಮೂತಿಯನ್ನು ರಸ್ತೆಗೆ ಅಡ್ಡ ಚಾಚಿ ಕುಳಿತಿತ್ತು. ರಸ್ತೆಯ ಬಲಗಡೆ ಕಾಲುವೆ. ಕಾರಿನೊಳಗೆ ಸ್ಟಿಯರಿಂಗ್ ಹಿಡಿದ ಹೆಣ್ಣುಮಗಳು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಊರವರು ಮುಂದೆ ಎರಡು ಹಗ್ಗ ಕಟ್ಟಿ ತಮಗೆ ತೋಚಿದ ಕಡೆಗೆಲ್ಲ ಜಗ್ಗುತ್ತಿದ್ದರು.

ಹಾಲೇಶನಿಗೆ ತಡೆಯಲಾಗಲಿಲ್ಲ. "ನಿಲ್ಸ್ರಿ! ಹಿಂಗ ಜಗ್ಗಿದ್ರ ಸಂಜಿ ಆದ್ರೂ ಬರಂಗಿಲ್ಲ. ನಾನು ಮೇಷ್ಟ್ರು ಅದೀನಿ." ಜೇಬಿನಿಂದ ಸೀಮೆಸುಣ್ಣ ತೆಗೆದು ಡಾಂಬರಿನ ಮೇಲೆ ಎರಡು ಗೆರೆ ಎಳೆದ, ಒಂದು ಉದ್ದ, ಒಂದು ಅಡ್ಡ. "ಹಗ್ಗ ಓರೆ ಐತಲ್ರಿ? ಅದರ ಎಳೆತದಾಗ ಒಂದು ಪಾಲು ಮುಂದಕ್ಕ, ಒಂದು ಪಾಲು ಪಕ್ಕಕ್ಕ. ಎರಡೂ ಹಗ್ಗ ಸಮ ಓರೆ ಹಿಡದು ಸಮ ಎಳದ್ರ ಪಕ್ಕದ ಪಾಲು ಒಂದಕ್ಕೊಂದು ವಜಾ. ಮುಂದಿನ ಪಾಲೆರಡೂ ಕೂಡ್ತಾವು. ಕಾರು ನೆಟ್ಟಗ ಬರ್ತೈತಿ."

"ಪಾಲು ಮಾಡಾಕ ಇದೇನು ಅಣ್ಣತಮ್ಮರ ಹೊಲಾನ?" ಎಂದಳು ಹುಲ್ಲಿನ ಹೊರೆ ಹೊತ್ತು ನಿಂತಿದ್ದ ದುರ್ಗಕ್ಕ. ಹೊರೆ ಇಳಿಸುವ ಯೋಚನೆ ಅವಳಿಗಿರಲಿಲ್ಲ, ಹೋಗುವ ಯೋಚನೆಯೂ ಇರಲಿಲ್ಲ.

ಎಡ ಹಗ್ಗಕ್ಕೆ ಹನುಮಣ್ಣ ಮತ್ತು ಮೂವರು, ಬಲ ಹಗ್ಗಕ್ಕೆ ಗಾಳೆಪ್ಪ ಮತ್ತು ಮೂವರು. ಎಳೆದರು. ಕಾರು ನಿಜಕ್ಕೂ ನೆಟ್ಟಗೆ ಮಿಸುಕಿತು! ಇನ್ನೊಂದು ಗೇಣು ಸಾಕಿತ್ತು. ಊರವರಾದರೆ 'ಜೋರ್' ಎನ್ನುತ್ತಿದ್ದರು. ಆರು ವರ್ಷ ಪಾಠ ಮಾಡಿದ ನಾಲಿಗೆ ಕೇಳಬೇಕಲ್ಲ.

"ಬಲ! ಬಲ ಹಾಕ್ರಿ!" ಎಂದು ಹಾಲೇಶ್ ಕೂಗಿದ.

"ಬಲಕ್ಕಂತ್ರಪ್ಪೋ!" ಎಂದು ಹನುಮಣ್ಣನ ಕಡೆಯವರು ಹಗ್ಗ ಬಿಟ್ಟರು. ಗಾಳೆಪ್ಪನ ಕಡೆಯವರು ಹಲ್ಲು ಕಚ್ಚಿ ಜಗ್ಗಿದರು.

"ಲೇ, ಆ ಬಲ ಅಲ್ರೋ! ಬಲ, ಬಲ!"

ಅವರು ಇನ್ನಷ್ಟು ಬಲಕ್ಕೆ ಜಗ್ಗಿದರು. ಕೆಸರಿನಿಂದ ಕಿತ್ತುಬಂದ ಕಾರು ರಸ್ತೆ ದಾಟಿ ಕಾಲುವೆಗಿಳಿದು ಮೊಣಕಾಲುದ್ದ ನೀರಲ್ಲಿ ನಿಂತಿತು.

"ರೋಡ್ ಖಾಲಿ ಮಾಡಿಕೊಟ್ರಿ, ಭಾಳ ಉಪಕಾರಾತ್ರಿ ಸರ್," ಎಂದು ಕಂಡಕ್ಟರ್ ಸೀಟಿ ಊದಿದ. ಹಾಲೇಶ್ ನೀರಿಗಿಳಿದು ಆ ಹೆಣ್ಣುಮಗಳನ್ನು ದಡ ಹತ್ತಿಸಿದ. ಅವಳು ಓಡಿಹೋಗಿ ಬಸ್ಸು ಹತ್ತಿದಳು. ಇವನು ಕಾಲುವೆಯ ಕೆಸರಿನಿಂದ ಕಾಲು ಕೀಳುವಷ್ಟರಲ್ಲಿ ಬಸ್ಸು ಹೋಗಿತ್ತು, ಅವನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು.

ಟ್ರ್ಯಾಕ್ಟರ್ ಹಿಡಿದು ಅವನು ಕಾಲೇಜು ಮುಟ್ಟಿದಾಗ ಹನ್ನೊಂದೂವರೆ. ಸಂದರ್ಶನದ ಕೋಣೆಯಿಂದ ನಗು ಕೇಳುತ್ತಿತ್ತು. ಬಾಗಿಲು ತೆರೆಯಿತು. ಹೊರಬಂದವಳು ಅದೇ ಕಾರಿನ ಹೆಣ್ಣುಮಗಳು. ಅವಳು ಇವನನ್ನು ಗಮನಿಸದೆ ಫೋನಿನಲ್ಲಿ, "ಅವ್ವಾ, ಆತವ್ವಾ!" ಎನ್ನುತ್ತ ಹೋದಳು.

ಒಳಗೆ ಪ್ರಾಂಶುಪಾಲ ಉಜ್ಜಿನಪ್ಪನವರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬರ್ರಿ, ಕುಂದ್ರಿ. ಪಾಠ ಬ್ಯಾಡ್ರಿ, ಕೆಲ್ಸ ಆ ಮೇಡಂಗ ಕೊಟ್ಟಿವಿ. ಎರಡು ಹಗ್ಗ, ಒಂದು ಕಾರು, ಬಲ ಬಲ ಅಂತ ಒದರೋ ಒಬ್ಬ ಮೇಷ್ಟ್ರು! ಪಾಠದ ಸಲುವಾಗಿ ಎಂಥಾ ಕತಿ ಕಟ್ಯಾರ ನೋಡ್ರಿ. ಅಂಥಾ ಹುಚ್ಚ ಮೇಷ್ಟ್ರು ಖರೇನ ಎಲ್ಲ್ಯಾರ ಇರ್ತಾರೇನ್ರಿ?"

ಹಾಲೇಶ್ ಒದ್ದೆ ಪ್ಯಾಂಟಿನ ಕಾಲುಗಳನ್ನು ಮೆಲ್ಲಗೆ ಕುರ್ಚಿಯಡಿ ಎಳೆದುಕೊಂಡ.

"ಇರಂಗಿಲ್ರಿ ಸರ್," ಎಂದ.