ಕ್ರಂಬಲ್‌ಗೂ ಉಂಡಿ ಕಟ್ಟಿದ ಅತ್ತೆ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಉದುರುದುರಾಗಿರುವ ಯಾವುದನ್ನು ಕಂಡರೂ ಕೈ ಸುಮ್ಮನಿರುವುದಿಲ್ಲ. ಬಿಟ್ಟರೆ ತನ್ನೂರು ಮುಗದದ ಹಾದಿಯ ಧೂಳಿಗೂ ಬೆಲ್ಲದ ಪಾಕ ಹೊಯ್ದು ಉಂಡಿ ಕಟ್ಟಿಯಾಳು! ಇಂಥವಳನ್ನು ಜೊತೆಗಿಟ್ಟುಕೊಂಡು ನಾನು ಕ್ರಂಬಲ್ ಮಾಡಲು ಹೊರಟೆ.

ಕ್ರಂಬಲ್ ದೊಡ್ಡ ವಿದ್ಯೆಯೇನಲ್ಲ. ಕೆಳಗೆ ಹಣ್ಣು, ಮೇಲೆ ಬೆಣ್ಣೆ ಸಕ್ಕರೆ ಬೆರೆಸಿದ ಉದುರು ಹಿಟ್ಟು, ಓವನ್‌ನಲ್ಲಿಟ್ಟರೆ ಮುಗಿಯಿತು. ಮನೆತನದಲ್ಲೇ ಮೊದಲು ಡಿಗ್ರಿ ಪಡೆದವಳು ನಾನು, ಅಷ್ಟೂ ಬಾರದೇ? ಆದರೆ ನನ್ನ ಹಟ ಬೇರೆಯೇ ಇತ್ತು. ಅತ್ತೆಯ ಮನೆಯಲ್ಲಿದ್ದೇ ನಾನು ಓದಿದ್ದು. ಆಕೆ ನಮ್ಮ ಜೊತೆ ಕೂತು ಉಂಡದ್ದನ್ನು ಒಮ್ಮೆಯೂ ಕಂಡಿಲ್ಲ. ನವನಗರದ ನನ್ನ ಮನೆಗೆ ಬಂದರೂ ಅಷ್ಟೇ: ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಅಡುಗೆಮನೆಯಲ್ಲಿ ಒಬ್ಬಳೇ ತಿನ್ನುತ್ತಾಳೆ. ಕ್ರಂಬಲ್‌ಗೆ ಬಡಿಸುವ ಗೋಜಿಲ್ಲ. ಪಾತ್ರೆ ನಡುವೆ, ಕೈಗೊಂದು ಚಮಚ. ಈ ಸಲ ಹೇಗೆ ತಪ್ಪಿಸಿಕೊಳ್ಳುತ್ತಾಳೆ ನೋಡೋಣ!

ಪೇರಲ ಹಣ್ಣು ಹೆಚ್ಚಿಟ್ಟು ಅತ್ತ ತಿರುಗಿದೆ. ಇತ್ತ ನೋಡಿದರೆ ಅದರ ಮೇಲೆ ಉಪ್ಪು, ಖಾರದಪುಡಿ!

"ಅತ್ತಿ, ಇದು ಸಿಹಿ ತಿಂಡಿ!"

"ಉಪ್ಪು-ಖಾರ ಇಲ್ಲದ ಪೇರಲ ಯಾರ್ ತಿಂತಾರ? ಕಾಲೇಜಿನ್ಯಾಗ ಹಿಂಗ ಕಲಿಸ್ಯಾರೇನು?"

ತೊಳೆದೆ. ಖಾರ ಹೋಯಿತೋ ಇಲ್ಲವೋ, ದೇವರಿಗೇ ಗೊತ್ತು.

ಫ್ರಿಜ್‌ನಿಂದ ತಣ್ಣನೆಯ ಬೆಣ್ಣೆ ತೆಗೆದಿಟ್ಟು ಹಿಟ್ಟು ಅಳೆಯುವಷ್ಟರಲ್ಲಿ ಮನೆಯೆಲ್ಲ ತುಪ್ಪದ ಘಮ.

"ಬೆಣ್ಣಿ ಎಲ್ಲೈತಿ?"

"ಕಾಸೀನಿ. ಹೊರಗ ತಗದಿಟ್ಟಿದ್ದಿ, ಮತ್ಯಾಕ ಇಟ್ಟಿದ್ದಿ?"

ಪ್ರಶ್ನೆ ಕೇಳಿದವಳು ನಾನು, ಉತ್ತರ ಕೊಡಬೇಕಾದವಳೂ ನಾನೇ! ಬೇರೆ ಬೆಣ್ಣೆ ತಂದು ಹಿಟ್ಟಿಗೆ ಬೆರಳತುದಿಯಲ್ಲಿ ತಿಕ್ಕಿದೆ. ಹಣ್ಣಿನ ಮೇಲೆ ಉದುರಿಸುವುದಷ್ಟೇ ಬಾಕಿ. ಫೋನ್ ಬಂತು. ಮಾತಾಡಿ ಬಂದರೆ ಪಾತ್ರೆ ಆಗಲೇ ಓವನ್ ಸೇರಿತ್ತು. ಪರವಾಗಿಲ್ಲ, ಕಲಿತಳು ಎಂದುಕೊಂಡೆ.

ಬೆಂದ ಮೇಲೆ ಬಾಗಿಲು ತೆರೆದೆ. ಪೇರಲದ ಮೇಲೆ ಮೂರು ಉಂಡಿಗಳು ಕೆಂಪಗೆ ಕೂತಿವೆ!

"ಇದೇನತ್ತಿ?"

"ನಿನಗ ಕಟ್ಟಾಕ ಬಂದಿರಲಿಲ್ಲ, ನಾನ ಕಟ್ಟೀನಿ."

"ಅದು ಉದುರಾಗೇ ಇರಬೇಕಿತ್ತು!"

"ಉದುರಿದ್ರ ಯಾರ ಪಾಲು ಎಷ್ಟು ಅಂತ ಹೆಂಗ ತಿಳೀತೈತಿ? ಮೊದ್ಲ ಬಂದಾವ ತಿಂತಾನ, ಕಡೀಕ ಬಂದಾಕಿಗೆ ಖಾಲಿ ಪಾತ್ರಿ. ಇದು ನಿನಗ, ಇದು ಅಳಿಯಗ, ಇದು ಕೂಸಿಗ."

"ನಿನಗ?"

"ನನಗೇನ್ ಮಾಡೂದೈತಿ? ತಳದಾಗ ಹತ್ತಿದ್ದು ಇರತೈತಲ್ಲ."

ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ಗಂಡ, ಮಗಳನ್ನು ಕರೆದೆ. ಅತ್ತೆಯನ್ನೂ ಕೈಹಿಡಿದು ಮೇಜಿನ ಮುಂದೆ ಕೂರಿಸಿದೆ.

"ಬಿಡವ್ವಾ, ಹಾಲು ಉಕ್ಕತೈತಿ!"

ಒಲೆಯ ಮೇಲೆ ಹಾಲೇ ಇರಲಿಲ್ಲ. ನನ್ನ ಉಂಡಿ ಮುರಿದು ಅರ್ಧ ಆಕೆಯ ಅಂಗೈಗೆ ಹಾಕಿದೆ. ಅತ್ತೆ ಅತ್ತಿತ್ತ ನೋಡಿದಳು. ಗಂಡ, ಮಗಳು ಇಬ್ಬರೂ ಕೈ ತಡೆದು ಕಾಯುತ್ತಿದ್ದರು. ಆಮೇಲೆ ಮೆಲ್ಲಗೆ ಬಾಯಿಗಿಟ್ಟು ಅಗಿದಳು, ಬಹಳ ಹೊತ್ತು ಅಗಿದಳು.

"ಸಕ್ಕರಿ ಕಮ್ಮಿ ಆಗೈತಿ," ಎಂದಳು, ಕೂತಲ್ಲಿಂದಲೇ. "ಹೋಗು, ಡಬ್ಬಿ ತಗೊಂಬಾ."

ಓಡಿದೆ.