ಗುರುಸಿದ್ದವ್ವನ ಸೊಂಟದ ಖನಿಜ

ಹಳಿಯಾಳ ತಾಲೂಕಿನ ಗುರುಸಿದ್ದವ್ವನವರ ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಇರುವುದು ದೃಢಪಟ್ಟಿದ್ದು, ಸದರಿ ಲೋಹಗಳು ಸರ್ಕಾರದ ಸ್ವತ್ತಾಗಿರುತ್ತವೆ.

ಆಕೆಯ ಸೊಂಟದ ಸವೆದ ಕೀಲಿಗೆ ಹಿಂದೊಮ್ಮೆ ಕೂರಿಸಿದ್ದು ಲೋಹದ ಬಟ್ಟಲು, ಲೋಹದ ಗುಂಡು. ನಡೆದಾಗಲೆಲ್ಲ ಎರಡೂ ತಿಕ್ಕಾಡಿ ಲೋಹ ರಕ್ತಕ್ಕಿಳಿಯಿತು. ಕಿವಿ ಮಂದವಾಯಿತು, ಕಣ್ಣು ಮಂಜಾಯಿತು. ಬೇಗ ತೆಗೆದು ಪಿಂಗಾಣಿ ಗುಂಡು ಹಾಕದಿದ್ದರೆ ಹೃದಯಕ್ಕೇ ಕುತ್ತು ಎಂದರು ಧಾರವಾಡದ ವೈದ್ಯರು.

ಆಪರೇಷನ್ನಿಗೆ ಹೊರಟ ದಿನ ಚೆಕ್‌ಪೋಸ್ಟಿನ ಕಾವಲುಗಾರ ದುರ್ಗಪ್ಪ ಟೆಂಪೋ ತಡೆದು, ಎಂದಿನಂತೆ "ಏನ್ ಒಯ್ಯಾಕತ್ತೀರಿ?" ಎಂದ. ಕಟ್ಟಿಗೆ, ಬಿದಿರು, ಜೇನು ಎಲ್ಲವನ್ನೂ ಹೇಳಿಯೇ ದಾಟುವ ನಮ್ಮ ಜನಕ್ಕೆ ಅಲ್ಲಿ ಸುಮ್ಮನಿರಲು ಬರುವುದಿಲ್ಲ. ಸೊಸೆ ದಾನೇಶ್ವರಿ, "ನಮ್ಮತ್ತಿ ಮೈಯಾಗ ಕೋಬಾಲ್ಟ್ ಐತ್ರಿ" ಎಂದಳು. ದುರ್ಗಪ್ಪ ನಿಯಮಾನುಸಾರ ಅತ್ತೆಯನ್ನು ಜಪ್ತಿ ಮಾಡಿದ.

ದಾಂಡೇಲಿಗೆ ಕರೆದೊಯ್ದಾಗ, ದೇಹಾಂತರ್ಗತ ಖನಿಜ ಶಾಖೆಯ ಅಧಿಕಾರಿ ಸಂಜೀವಕುಮಾರ ಸಜ್ಜನರು ಕುರ್ಚಿ ಕೊಟ್ಟರು.

"ಆಪರೇಷನ್ ಅಂದ್ರ ಅಗಿಯೂದು ಬಂತಲ್ರೀ ಅವ್ವಾರ. ಅಗಿಯೂದಂದ್ರ ಗಣಿಗಾರಿಕೆ. ಇದು ಹುಲಿ ಇರೂ ಸೀಮಿ, ಗಣಿ ಬಂದ್ ಐತಿ."

"ನನ್ನ ಸೊಂಟದಾಗ ಯಾವ ಹುಲಿ ಐತಿ ಯಪ್ಪಾ?"

"ಸಮೀಕ್ಷೆ ಆಗಬೇಕ್ರಿ."

ಟೆಂಪೋದಲ್ಲಿ ನನ್ನ ಪಕ್ಕ ಕೂತು ಬಂದಿದ್ದ ನೆರೆಮನೆಯ ಭೋಜಪ್ಪ, ತನ್ನ ಸೊಂಟವೂ ಬದಲಾಗಿದೆ, ತನ್ನನ್ನೇಕೆ ಹಿಡಿಯಲಿಲ್ಲ ಎಂದು ಕೇಳಿದ. "ನಿಮ್ಮದು ಪಿಂಗಾಣಿ. ಅದು ಕುಂಬಾರಿಕಿ, ನಮಗ ಬರೂದಿಲ್ಲ" ಎಂದು ಅಧಿಕಾರಿಗಳು ವಿಷಾದಿಸಿದರು. ನಂತರ ದಾನೇಶ್ವರಿಯತ್ತ ತಿರುಗಿ, "ನಿಮ್ಮಲ್ಲಿ ಸುಡತಾರೋ, ಹೂಳತಾರೋ?" ಎಂದರು.

"ಹೂಳೂದ್ರಿ."

ಅವರ ಮುಖ ಅರಳಿತು. ಹೂಳಿದರೆ ಲೋಹ ತಾನಾಗಿಯೇ ಭೂಮಿಗೆ ಸೇರುತ್ತದೆ, ಆಮೇಲೆ ಹುಲಿ ಸಮೀಕ್ಷೆ ಮುಗಿಸಿ ನಿಶ್ಚಿಂತೆಯಿಂದ ತೆಗೆಯಬಹುದು ಎಂದರು. ಬದುಕಿರುವ ಮುದುಕಿಯ ಎದುರಿಗೇ ಈ ಮಾತು! ನನಗೆ ಮೈಯೆಲ್ಲ ಉರಿಯಿತು, ಆದರೆ ನಿಯಮದಲ್ಲಿ ತಪ್ಪು ಹುಡುಕಲಾಗಲಿಲ್ಲ.

ಸಂಜೆಗೇ ಪ್ರಕಟಣೆ ಹೊರಟಿತು: "ನಡೆದಷ್ಟೂ ಉತ್ಪತ್ತಿ ಹೆಚ್ಚುವುದರಿಂದ ಸದರಿಯವರು ಪ್ರತಿನಿತ್ಯ ತಪ್ಪದೆ ನಡೆಯತಕ್ಕದ್ದು. ನೋವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ."

ಗಣಿಯ ಆದಾಯದಲ್ಲಿ ಊರಿಗೂ ಪಾಲು ಸಿಗುತ್ತದೆಂದು ಊರವರು ಆಕೆಯ ಹೊಲದ ಮೂಲೆಯಲ್ಲಿ ಹೂಳುವ ಜಾಗ ಗುರುತಿಸಿ ಬೇಲಿ ಹಾಕಿ, "ಸರ್ಕಾರಿ ಖನಿಜ ಪ್ರದೇಶ" ಎಂಬ ಫಲಕ ನಿಲ್ಲಿಸಿದರು. ಈಗ ಗುರುಸಿದ್ದವ್ವ ಸೊಸೆಯ ಹೆಗಲು ಹಿಡಿದು ದಿನಾ ನಡೆಯುತ್ತಾಳೆ. ಕಟ್ಟೆಯ ಮೇಲಿನವರು, "ಇನ್ನೊಂದ ಸುತ್ತ ಹಾಕ್ರಿ ಅವ್ವಾ, ಊರಿಗಿ ಚಲೋ ಆಗತೈತಿ" ಎಂದು ಹುರಿದುಂಬಿಸುತ್ತಾರೆ. ಆಕೆಗೆ ಅದು ಕೇಳಿಸುವುದಿಲ್ಲ.

ನಿನ್ನೆ ನಿಂತು ಕೇಳಿದಳು, "ಆಪರೇಷನ್ ಯಾವಾಗಂತ?"

ದಾನೇಶ್ವರಿ ಕಣ್ಣೊರೆಸಿಕೊಂಡು ಕಿವಿಯಲ್ಲಿ ಕೂಗಿದಳು, "ಹೂಳಿದ ಮ್ಯಾಲಂತ್ರಿ ಅತ್ತಿ!"

"ಹಂಗಾದ್ರ ಭಾಳ ದಿನ ಇಲ್ಲ ಬಿಡು" ಎಂದು ಗುರುಸಿದ್ದವ್ವ ಇನ್ನೊಂದು ಸುತ್ತು ಹೊರಟಳು.