ಕಸವಿಲ್ಲದ ಕಾರ್ಖಾನೆಯ ಕಷ್ಟ

ಯಾವುದನ್ನೂ ಎಸೆಯಲಾರದ ಮನೆಯಲ್ಲಿ ಹುಟ್ಟಿದವನು ನಾನು. ಬಸರಾಳಿನ ನಮ್ಮ ಮನೆಯಲ್ಲಿ ಕಸದ ಬುಟ್ಟಿ ಅನ್ನುವುದೇ ಇರಲಿಲ್ಲ. ಇದ್ದಿದ್ದರೂ ಅದಕ್ಕೆ ಹಾಕಲು ಏನೂ ಸಿಗುತ್ತಿರಲಿಲ್ಲ. ನಮ್ಮವ್ವನ ಸೀರೆಯೊಂದು ಹಳೆಯದಾಯಿತೆಂದರೆ ಮೊದಲು ಮಗುವಿನ ತೊಟ್ಟಿಲಾಗುತ್ತಿತ್ತು, ಆಮೇಲೆ ದಿಂಬಿನ ಚೀಲ, ಆಮೇಲೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಕಡೆಗೆ ಉಳಿದ ಚಿಂದಿಯನ್ನೂ ಬಿಡದೆ ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ, ಯಾರಿಗಾದರೂ ದೃಷ್ಟಿ ತೆಗೆದು ಉರಿಸಿಬಿಡುತ್ತಿದ್ದಳು. ದೃಷ್ಟಿ ತಗುಲಿರಲಿ ಬಿಡಲಿ, ಬಟ್ಟೆ ದಂಡವಾಗಬಾರದು, ಅಷ್ಟೆ. ಸಾಮಾನ್ಯವಾಗಿ ಅದು ನನಗೇ ತಗುಲಿರುತ್ತಿತ್ತು. ಯಾರ ಕಣ್ಣೂ ಬೀಳುವಂಥ ಮಗು ನಾನಾಗಿರಲಿಲ್ಲ ಎಂಬುದಕ್ಕೆ ಆಗಿನ ಫೋಟೊ ಒಂದು ಈಗಲೂ ಇದೆ. ಇಂಥ ಮನೆಯಿಂದ ಬಂದವನಿಗೆ ಐವತ್ತು ದಾಟಿದ ಮೇಲೆ ಕಸ ಹುಟ್ಟಿಸುವ ಕೆಲಸ ಗಂಟು ಬೀಳುತ್ತದೆಂದು ಯಾರು ಕಂಡಿದ್ದರು? ಹೇಳುವುದಕ್ಕೂ ಆಯಾಸವಾಗುತ್ತದೆ. ಹೇಳದೆ ಇಟ್ಟುಕೊಂಡರೆ ಇನ್ನೂ ಆಯಾಸ, ಆದ್ದರಿಂದ ಹೇಳುತ್ತೇನೆ.

ಆತಗೂರಿನ ಹತ್ತಿರದ ಒಂದು ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕ. ಕಾರ್ಖಾನೆ ಅಂದ ಕೂಡಲೇ ದೊಡ್ಡದಾಗಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಆಲೆಮನೆಗೆ ಷರ್ಟು ಪ್ಯಾಂಟು ಹಾಕಿಸಿದರೆ ಅದೇ ನಮ್ಮ ಕಾರ್ಖಾನೆ. ಕಬ್ಬು ಅರೆಯುತ್ತೇವೆ, ಕಬ್ಬಿನ ಹಾಲು ಕಾಯಿಸುತ್ತೇವೆ, ಬೆಲ್ಲವನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸುತ್ತೇವೆ. ಅವರು ಅದನ್ನು ಹೊರದೇಶಕ್ಕೆ ಕಳಿಸುತ್ತಾರೆ. ಕಬ್ಬಿನ ಸಿಪ್ಪೆಗೆ ನಮ್ಮ ಕಡೆ ರಚ್ಚು ಅನ್ನುತ್ತೇವೆ. ಅದನ್ನು ಒಣಗಿಸಿ ಅದೇ ಒಲೆಗೆ ಹಾಕುತ್ತೇವೆ. ಒಲೆಯ ಬೂದಿ ಗದ್ದೆಗೆ, ಗದ್ದೆಯಿಂದ ಮತ್ತೆ ಕಬ್ಬು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆನೊರೆಗೆ ಮಡ್ಡಿ ಅಂತ ಹೆಸರು. ಒಲೆಗೆ ರಚ್ಚು ಹಾಕುವ ನಿಂಗಮ್ಮ ಅದನ್ನು ಸಂಜೆ ಎರಡು ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ, ಬೂಸಾಕ್ಕೆ ಬೆರೆಸಿ ತನ್ನ ಎರಡು ಎಮ್ಮೆಗಳಿಗೆ ಇಡುತ್ತಾಳೆ. ಮಾರನೆಯ ದಿನ ಮಧ್ಯಾಹ್ನ ಆ ಎಮ್ಮೆಗಳ ಮಜ್ಜಿಗೆ ಒಂದು ಚೊಂಬು ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ನನ್ನ ಹೊಟ್ಟೆಯುರಿಗೆ ಡಾಕ್ಟರು ಕೊಟ್ಟ ಮಾತ್ರೆಗಿಂತ ಅದೇ ವಾಸಿ. ಇದಕ್ಕೆಲ್ಲ ‘ವೃತ್ತಾಕಾರದ ಉತ್ಪಾದನೆ’ ಎಂಬ ದೊಡ್ಡ ಹೆಸರಿದೆ ಅನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಗೊತ್ತು ಮಾಡಿಸಲು ಈ ಸಲದ ಹಂಗಾಮಿನಲ್ಲಿ ಬೆಂಗಳೂರಿನ ಕಂಪನಿಯವರು ಯಂತ್ರಗಳನ್ನು ಕಳಿಸಿದರು. ಕೊಪ್ಪರಿಗೆಗೆ ಒಂದು ಸೆನ್ಸರ್, ಹೊಗೆ ಕೊಳವೆಗೆ ಒಂದು, ಗೇಟಿನಲ್ಲಿ ಒಂದು ತಕ್ಕಡಿ ಮತ್ತು ಕ್ಯಾಮೆರಾ, ಇವೆಲ್ಲದರ ಚಾಡಿಯನ್ನು ಕೇಳಿಸಿಕೊಳ್ಳಲು ಒಂದು ಟ್ಯಾಬು. ಟ್ಯಾಬಿನ ಪರದೆಯ ಮೇಲೆ ಒಂದು ಎಲೆಯ ಚಿತ್ರ. ಕಾರ್ಖಾನೆ ಪರಿಸರಕ್ಕೆ ಒಳ್ಳೆಯದಾಗಿ ನಡೆದುಕೊಂಡರೆ ಎಲೆ ಹಸಿರು, ಸುಮಾರಾಗಿದ್ದರೆ ಹಳದಿ, ಕೆಟ್ಟರೆ ಕೆಂಪು. ತಿಂಗಳ ಕೊನೆಗೆ ಹಸಿರಾಗದಿದ್ದರೆ ನಮ್ಮ ಬೆಲ್ಲ ಅವರಿಗೆ ಬೇಡ. ನಮ್ಮ ಮಾಲೀಕರು ಟ್ಯಾಬನ್ನು ನನ್ನ ಕೈಗಿಟ್ಟು, “ನಂಜೇಶ, ನೀನು ವಾಟ್ಸಾಪ್‌ನಲ್ಲಿ ದಿನಾ ಗುಡ್ ಮಾರ್ನಿಂಗ್ ಕಳಿಸ್ತೀಯಲ್ಲ, ಇದೂ ಅಂಗೇ ಕಣಪ್ಪ” ಅಂದರು. ಮುಂಜಾನೆಯ ಆ ಹೂವಿನ ಚಿತ್ರಗಳು ನನ್ನನ್ನು ಇಷ್ಟು ದೂರ ತರುತ್ತವೆ ಎಂದು ತಿಳಿದಿದ್ದರೆ ಒಂದನ್ನೂ ಕಳಿಸುತ್ತಿರಲಿಲ್ಲ. ಮಾಲೀಕರಿಗೆ ಪರದೆಯ ಮೇಲೆ ನಂಬಿಕೆಯಿಲ್ಲವಾದ್ದರಿಂದ ದಿನದ ವರದಿಯನ್ನು ಎರಡೆರಡು ಪ್ರತಿ ಕಾಗದದಲ್ಲೂ ಮುದ್ರಿಸಿ ಕಪಾಟಿನಲ್ಲಿ ಇಡಬೇಕಾಗಿತ್ತು. ಕಾಗದದ ಕಟ್ಟು ಆಗಾಗ ತೆಳ್ಳಗಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಮಾಲೀಕರು ಮನೆಗೆ ಒಯ್ದು ಓದುತ್ತಿದ್ದಾರೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಮೊದಲ ವಾರವೇ ಎಲೆ ಕೆಂಪಾಯಿತು. ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಒಳ್ಳೆಯ ಹೆಣ್ಣುಮಗಳು, ಮಾತಿನಲ್ಲಿ ತಾಳ್ಮೆ ಇತ್ತು.

“ಸರ್, ನಿಮ್ಮ ಕಸದ ಮರುಬಳಕೆ ಸೊನ್ನೆ ತೋರಿಸ್ತಿದೆ.”

“ಕಸವೇ ಇಲ್ಲ ಮೇಡಂ.”

“ಕಸ ಇಲ್ಲದಿದ್ರೆ ಮರುಬಳಕೆ ಹೇಗಾಗುತ್ತೆ ಸರ್?”

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನಾನು ಬೆಲ್ಲದ ಕಾರ್ಖಾನೆಯಲ್ಲಿ ಯಾಕಿರುತ್ತಿದ್ದೆ, ಯಾವುದಾದರೂ ಮಠದಲ್ಲಿ ಇರುತ್ತಿದ್ದೆ. ರಚ್ಚು ನಮಗೆ ಸೌದೆ, ಬೂದಿ ಗೊಬ್ಬರ, ಮಡ್ಡಿ ಮೇವು ಎಂದು ವಿವರಿಸಿದೆ. ಮೊದಲು ಕಸವೆಂದು ಬರೆಯದೆ ಇದ್ದರೆ ಕಂಪ್ಯೂಟರು ಅದನ್ನು ಮರುಬಳಕೆಯೆಂದು ಒಪ್ಪುವುದಿಲ್ಲವಂತೆ. ಇನ್ನೊಂದು ವಿಷಯವನ್ನೂ ಮೇಡಂ ಹೇಳಿದರು. ದಿನಾ ಸಂಜೆ ಒಬ್ಬ ಹೆಂಗಸು ಎರಡು ಬಕೆಟ್ ಹಿಡಿದು ಗೇಟು ದಾಟುವುದನ್ನು ತಕ್ಕಡಿ ತೂಗಿದೆ, ಕ್ಯಾಮೆರಾ ಕಂಡಿದೆ, ಟ್ಯಾಬು ಅದನ್ನು ‘ಸೋರಿಕೆ’ ಎಂದು ಬರೆದುಕೊಂಡಿದೆ. ಕಾರ್ಖಾನೆಯಿಂದ ಹೊರಹೋಗುವ ವಸ್ತು ಮಾನ್ಯತೆ ಪಡೆದ ಮರುಬಳಕೆ ಸಂಸ್ಥೆಗೇ ಹೋಗಬೇಕು. ಮಾಲೀಕರು ಇದನ್ನು ಕೇಳಿ, “ಆ ಬಕೆಟ್ಟು ನಿಲ್ಸು. ಅವ್ಳಿಗೆ ಯೋಳೋ ಕೆಲ್ಸ ನಿಂದು” ಎಂದು ಎದ್ದುಹೋದರು.

ಮೂರು ದಿನ ನಾನು ಹೇಳಲಿಲ್ಲ. ಮಜ್ಜಿಗೆ ಕುಡಿಯುತ್ತ ಹೇಳುವುದು ಹೇಗೆ? ನಾಲ್ಕನೆಯ ದಿನ ಚೊಂಬನ್ನು ಪೂರ್ತಿ ಮುಗಿಸಿದ ಮೇಲೆಯೇ ಬಾಯಿಬಿಟ್ಟೆ. ನಾನೆಂಥ ಮನುಷ್ಯ ಎಂದು ಇದರಿಂದ ನಿಮಗೆ ಗೊತ್ತಾಗಬಹುದು. ನಿಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಯಾವನ್ಲಾ ಅವ್ನು, ಸೋರ್ಕೆ ಅಂದೋನು? ಒಂದು ತೊಟ್ಟು ನೆಲಕ್ ಬೀಳ್ದಂಗೆ ಒತ್ಕಂಡು ಓಯ್ತೀನಿ.”

“ಕಂಪ್ಯೂಟರು ಅಂದಿದ್ದು ನಿಂಗಕ್ಕ, ನಾನಲ್ಲ.”

“ಕಂಪೂಟ್ರು ಎಮ್ಮೆ ಸಾಕದಾ? ಮಡ್ಡಿ ಇಲ್ದೆ ಬರೀ ಉಲ್ಲಿಗೆ ಅವು ಮೂತೀನೇ ಇಕ್ಕಾಕಿಲ್ಲ. ಡೈರಿಗೆ ಏನಾಕ್ಲಿ ನಾನು?” ಅಂದವಳು ಚೊಂಬನ್ನು ಎತ್ತಿಕೊಂಡು, “ಓಗ್ಲಿ ಬುಡು. ನಿನ್ ಅನ್ನಕ್ಕೆ ಕಲ್ ಬೀಳೋದು ಬ್ಯಾಡ” ಎಂದು ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಂದಿನಿಂದ ಮಡ್ಡಿಯನ್ನು ಡ್ರಮ್ಮಿಗೆ ತುಂಬಿ, ‘ಕಸ’ ಎಂದು ಟ್ಯಾಬಿನಲ್ಲಿ ಬರೆದು, ಮಾನ್ಯತೆ ಪಡೆದ ಸಂಸ್ಥೆಯ ಗಾಡಿಗೆ ಕಾದೆವು. ಗಾಡಿ ಇವತ್ತು ಹೊರಟಿದೆ, ನಾಳೆ ಹೊರಡುತ್ತದೆ ಎಂದು ಫೋನಿನಲ್ಲಿ ಕೇಳಿದ್ದೇ ಬಂತು. ಡ್ರಮ್ಮು ಹುಳಿಯಿತು, ಉಕ್ಕಿತು, ನೊಣಗಳು ಮಂಡ್ಯದಿಂದಲೂ ಬಂದಿರಬೇಕು ಅನ್ನುವಷ್ಟು ಸೇರಿದವು. ಕೊನೆಗೆ ಹಿತ್ತಲಲ್ಲಿ ಗುಂಡಿ ತೋಡಿ ಸುರಿದೆವು. ಇಷ್ಟು ವರ್ಷದಲ್ಲಿ ನಮ್ಮ ಕಾರ್ಖಾನೆ ಗಬ್ಬು ನಾರಿದ್ದು ಅದೇ ಮೊದಲು. ಅದೇ ದಿನ ಟ್ಯಾಬಿನ ಎಲೆ ಕೆಂಪಿನಿಂದ ಹಳದಿಗೆ ತಿರುಗಿತು. ಕಸ ದಾಖಲಾಗಿದೆ, ಗಾಡಿಗೆ ಹೇಳಿಯಾಗಿದೆ, ಆದ್ದರಿಂದ ಪ್ರಗತಿ ಇದೆಯಂತೆ. ಮಜ್ಜಿಗೆ ಮಾತ್ರ ನಿಂತಿತ್ತು. ಎಮ್ಮೆಗಳು ಹಾಲು ಕಡಿಮೆ ಮಾಡಿದ್ದವು. ಹೊಟ್ಟೆಯುರಿ, ನಾತ, ನೊಣ, ಹಳದಿ ಎಲೆ, ಇವುಗಳ ನಡುವೆ ಕುಳಿತು ನನಗೆ ಸಾಕುಸಾಕಾಗಿ ಹೋಗಿತ್ತು.

ಸುಸ್ತಾದ ಮನುಷ್ಯನಿಗೆ ಕೆಲವೊಮ್ಮೆ ಧೈರ್ಯ ಬರುತ್ತದೆ, ಹೆದರುವುದಕ್ಕೂ ಶಕ್ತಿ ಉಳಿದಿರುವುದಿಲ್ಲವಲ್ಲ. ಟ್ಯಾಬಿನಲ್ಲಿ ಹೊಸ ಮರುಬಳಕೆ ಸಂಸ್ಥೆಯನ್ನು ಸೇರಿಸಲು ಒಂದು ಅರ್ಜಿ ಇತ್ತು. ಅದನ್ನು ತೆರೆದೆ. ಸಂಸ್ಥೆಯ ಹೆಸರು: ನಿಂಗಮ್ಮ ಮರುಬಳಕೆ ಘಟಕ. ಸಿಬ್ಬಂದಿ: ಒಬ್ಬರು. ಯಂತ್ರಗಳು: ಎರಡು. ಯಂತ್ರದ ಬಣ್ಣ: ಕಪ್ಪು. ಇಂಧನ: ಹುಲ್ಲು, ಬೂಸಾ. ಉತ್ಪನ್ನ: ಗೊಬ್ಬರ ಮತ್ತು ಇತರೆ. ಒಂದಕ್ಷರ ಸುಳ್ಳಿಲ್ಲ. ಮಾನ್ಯತೆ ಕೊಡುವ ಮೊದಲು ಮೇಡಂ ವಿಡಿಯೋ ಕಾಲ್‌ನಲ್ಲಿ ಘಟಕವನ್ನು ನೋಡಬೇಕು ಎಂಬ ಉತ್ತರ ಬಂತು. ಮಾಲೀಕರು ಅರ್ಜಿಯನ್ನು ಓದಿ ನನ್ನನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ನನ್ನ ಕೆಲಸ ಹೋಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

ವಿಡಿಯೋ ಕಾಲ್‌ನ ದಿನ ನಿಂಗಮ್ಮನ ಕೊಟ್ಟಿಗೆಯಲ್ಲಿ ನಾನು ಫೋನು ಹಿಡಿದು ನಿಂತೆ. ಪರದೆಯಲ್ಲಿ ಮೇಡಂ, ಅವರ ಎದುರಿಗೆ ಎಮ್ಮೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಸರ್, ಇದು... ಯಂತ್ರನಾ?”

ನಿಂಗಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಯಂತ್ರನೇ ಕಣವ್ವ. ಕರೆಂಟು ಓದ್ರೂ ನಿಲ್ಲಾಕಿಲ್ಲ. ಮಡ್ಡಿ ಇಕ್ಕುದ್ರೆ ಇತ್ಲಗೆ ಆಲು, ಅತ್ಲಗೆ ಗೊಬ್ಬರ. ಗೊಬ್ಬರ ಕಬ್ಬಿನ ಗದ್ದೆಗೆ ಓಯ್ತದೆ, ಆ ಕಬ್ಬು ತಿರ್ಗಾ ನಿಮ್ಮ ಬೆಲ್ಲಕ್ಕೇ ಬತ್ತದೆ. ಇನ್ನೇನವ್ವ ಬೇಕು ನಿಂಗೆ?”

ಮೇಡಂ ನಕ್ಕರು. “ಅಮ್ಮ, ನಾವು ಎಲ್ಲರಿಗೂ ಕಲಿಸೋಕೆ ಹೊರಟಿರೋದು ಇದನ್ನೇ” ಅಂದರು. ಮಾನ್ಯತೆ ಸಿಕ್ಕಿತು ಎಂದು ನಾನು ಎಮ್ಮೆಯ ಬೆನ್ನಿಗೆ ಒರಗಿ ಉಸಿರುಬಿಟ್ಟೆ. ಅಷ್ಟರಲ್ಲಿ ಮೇಡಂ, “ಕೊನೇದಾಗಿ ಒಂದು ಪ್ರಶ್ನೆ ಸರ್. ಕಾರ್ಖಾನೆಗೆ ಕಂತೆಗಟ್ಟಲೆ ಕಾಗದ ಬಂದಿದೆ. ಹೊರಗೆ ಹೋಗಿಲ್ಲ. ಅದೆಲ್ಲ ಏನಾಗುತ್ತೆ?” ಅಂದರು.

“ಅದು ನನ್ನ ವರದಿ ಮೇಡಂ. ಕಪಾಟಿನಲ್ಲಿದೆ. ಮಾಲೀಕರು ಓದ್ತಾರೆ” ಅಂದೆ.

“ಅಯ್ಯೋ, ಅದಾ?” ಅಂದಳು ನಿಂಗಮ್ಮ. “ಮೋಡ ಮುಚ್ಕಂಡಾಗ ರಚ್ಚು ತ್ಯಾವ ಆಗಿ ಅತ್ಕಳಾಕಿಲ್ಲ ಕಣವ್ವ. ನಂಜೇಸ ಇಕ್ಕಿರೋ ಕಟ್ಟಿಂದ ವಸಿ ಎಳ್ಕಂಡು ಒಲೆಗೆ ಇಕ್ತೀನಿ. ಚೆನ್ನಾಗ್ ಉರೀತದೆ. ಬಿಸಾಕದ್ಯಾಕೆ, ಪಾಪ, ಮೈ ಮುರ್ದು ಮಾಡವ್ನೆ.”

ಆ ತಿಂಗಳ ಕೊನೆಗೆ ಎಲೆ ಹಚ್ಚಹಸಿರಾಯಿತು. ಬೆಲ್ಲ ಹೋಗುತ್ತಿದೆ, ಬಕೆಟ್ಟುಗಳು ಹೋಗುತ್ತಿವೆ, ಮಜ್ಜಿಗೆ ಬರುತ್ತಿದೆ. ಮಾಲೀಕರು ನನ್ನನ್ನು ಕೆಲಸದಿಂದ ತೆಗೆದಿಲ್ಲ, ನಮ್ಮ ಕಡೆ ಯಾವುದನ್ನೂ ಎಸೆಯುವುದಿಲ್ಲವಲ್ಲ. ಟ್ಯಾಬಿನ ಅಂತಿಮ ವರದಿಯಲ್ಲಿ ಮಡ್ಡಿ ಬಿಟ್ಟರೆ ನಮ್ಮ ಕಾರ್ಖಾನೆಯ ಕಸಕ್ಕೆ ಒಂದೇ ಒಂದು ಸಾಲು ಇದೆ, ಕಾಗದದ್ದು. ಕಸ ಹುಟ್ಟುವ ಸ್ಥಳ: ಮೇಲ್ವಿಚಾರಕರ ಮೇಜು. ಮರುಬಳಕೆ: ಪೂರ್ಣ. ಅದನ್ನೂ ಎರಡು ಪ್ರತಿ ಮುದ್ರಿಸಿ, ಕಪಾಟಿನವರೆಗೆ ಹೋಗದೆ ನೇರವಾಗಿ ಒಲೆಯ ಪಕ್ಕದಲ್ಲೇ ಇಟ್ಟುಬಂದೆ. ಈಚೆಗೆ ವರದಿಯ ಅಕ್ಷರಗಳನ್ನು ಆದಷ್ಟು ತೆಳುವಾಗಿ ಮುದ್ರಿಸುತ್ತೇನೆ. ಮಸಿ ಹೆಚ್ಚಾದರೆ ಹೊಗೆ ಬರುತ್ತದೆ ಎಂದು ನಿಂಗಮ್ಮ ಹೇಳಿದ್ದಾಳೆ.